ಮರಳಿಗೆ ಹೊರಡುವ ಮುನ್ನ

ಬಿಳಿಗೆರೆಯಲ್ಲಿ ಹುಟ್ಟಿ ಬೆಳೆದವನು ಮರಳುಗಾಡಿನ ವಿಚಾರವಾಗಿ ಮಾತನಾಡಲು ಹೊರಟರೆ ಕೇಳುವವರಿಗೆ ನಗು ಬಂದೀತು. ನಮ್ಮೂರು ತಿಪಟೂರು ತಾಲ್ಲೂಕಿನ ತೆಂಗಿನ ಸೀಮೆಯಲ್ಲಿದೆ. ಹಿತ್ತಿಲಿನಿಂದ ಹೊಲದ ಬದುವಿನವರೆಗೆ ತಲೆಯೆತ್ತಿದರೆ ಗರಿ, ತಲೆ ತಗ್ಗಿಸಿದರೆ ನೆರಳು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸದ್ದಿಲ್ಲದೆ ಕುಳಿತು ಉಂಡೆ ಕೊಬ್ಬರಿಯಾಗುವ ಕಾಯಿಗಳಂತೆಯೇ ನಾವೂ ನೆರಳಿನಲ್ಲಿ ಕುಳಿತು ಹಣ್ಣಾದವರು. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ.

ಕಳೆದ ದೀಪಾವಳಿಗೆ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಹೊಸದಾಗಿ ಕೊಂಡ ಮೋಟಾರ್ ಸೈಕಲ್ಲನ್ನು ಅಂಗಳದಲ್ಲಿ ನಿಲ್ಲಿಸಿ, ಊಟಕ್ಕೆ ಕುಳಿತಾಗ ಸಹಜವಾಗಿ ಹೇಳಿದ: “ಮಾವ, ಜನವರೀಲಿ ನಾನು ನನ್ನ ಸ್ನೇಹಿತ ಇಬ್ರೂ ಜೈಸಲ್ಮೇರಿಗೆ ಹೋಗ್ತಿದೀವಿ. ರಸ್ತೆ ಬಿಟ್ಟು ಮರಳಲ್ಲೇ ಗಾಡಿ ಓಡಿಸಿ, ಅಲ್ಲೇ ಡೇರೆ ಹಾಕಿ ಮಲಗೋದು. ನೀವು ಹಿಂದೆ ಒಂದ್ಸಲ ಹೋಗಿದ್ರಂತಲ್ಲ, ಏನೇನು ತಗೊಂಡು ಹೋಗ್ಬೇಕು ಅಂತ ಒಂದು ಪಟ್ಟಿ ಬರ್ಕೊಡಿ.”

ಅಕ್ಕ ಸಾರು ಬಡಿಸುತ್ತಿದ್ದವಳು ಒಂದು ಕ್ಷಣ ನಿಂತಳು. ನಾನು “ಹಿಂದೆ ಒಂದು ಸಲ ಹೋಗಿದ್ದು” ಏನಾಯಿತೆಂಬುದು ಅವಳಿಗೆ ಗೊತ್ತು; ಹುಡುಗನಿಗೆ ಗೊತ್ತಿರಲಿಲ್ಲ. ಪಟ್ಟಿ ಬರೆಯುವ ಮೊದಲು ಅವನಿಗೆ ಅದನ್ನು ಹೇಳಬೇಕಾಯಿತು. ಅವನಿಗೆ ಹೇಳಿದ್ದನ್ನೇ ಈಗ ತಮ್ಮ ಮುಂದಿಡುತ್ತಿದ್ದೇನೆ.

ನಾನು ಹೋಗಿದ್ದು ಜೈಸಲ್ಮೇರಿಗಲ್ಲ. ಅಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ನಮ್ಮೂರಿಗೆ ಸಮೀಪದ ಕಿಬ್ಬನಹಳ್ಳಿ ಕ್ರಾಸಿನಲ್ಲಿ ನಿಂತು ಬಡಗಣಕ್ಕೆ ಮುಖ ಮಾಡಿದರೆ ಒಂದು ರಸ್ತೆ ಹೊರಡುತ್ತದೆ. ಈಗ ಅದಕ್ಕೆ 150ಎ ಎಂಬ ರಾಷ್ಟ್ರೀಯ ಹೆದ್ದಾರಿಯ ಸಂಖ್ಯೆ ಬಂದಿದೆ. ಚಿಕ್ಕನಾಯಕನಹಳ್ಳಿ, ಹುಳಿಯಾರು, ಹಿರಿಯೂರು, ಚಳ್ಳಕೆರೆ, ರಾಂಪುರ, ಬಳ್ಳಾರಿ ಹೀಗೆ ಸಾಗುವ ಈ ದಾರಿಯಲ್ಲಿ ಹೋಗುವವನಿಗೆ ಭೂಗೋಳದ ಪಾಠವನ್ನು ಬೇರೆ ಹೇಳಬೇಕಾಗಿಲ್ಲ. ಹುಳಿಯಾರು ದಾಟುವ ಹೊತ್ತಿಗೆ ತೋಟಗಳು ತೆಳುವಾಗುತ್ತವೆ. ಹಿರಿಯೂರಿನ ಬಳಿ ವಾಣಿವಿಲಾಸ ಸಾಗರದ ಕಾಲುವೆಯ ಕೃಪೆಯಿಂದ ಹಸಿರು ಮತ್ತೊಮ್ಮೆ ಮುಖ ತೋರಿಸುತ್ತದೆ. ಚಳ್ಳಕೆರೆಗೆ ಬಂದರೆ ಕಡಲೆಕಾಯಿಯ ಹೊಲ, ಹುಲ್ಲಿನ ಕಾವಲು, ಜಾಲಿ, ಮತ್ತೆ ಜಾಲಿ. ಮೊಳಕಾಲ್ಮೂರಿನಲ್ಲಿ ಬಲಕ್ಕೆ ತಿರುಗಿದರೆ ಆಂಧ್ರದ ರಾಯದುರ್ಗ; ಅಲ್ಲಿಂದ ಕಣೇಕಲ್ಲು, ಬೊಮ್ಮನಹಾಳು. ಈ ಊರುಗಳ ಸುತ್ತ, ಹಗರಿ ಹೊಳೆಯ ದಂಡೆಯಲ್ಲಿ, ನಿಜವಾದ ಮರಳಿನ ದಿಬ್ಬಗಳಿವೆ. ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿಯೇ ಇತ್ತು. ಇಂದಿಗೂ ಅಲ್ಲಿ ಕನ್ನಡ ಕಿವಿಗೆ ಬೀಳುತ್ತದೆ.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನಾಡನ್ನು ಮರುಭೂಮಿಯೆನ್ನುವುದು ಭೂಗೋಳದವರ ವಾಡಿಕೆ. ಜೈಸಲ್ಮೇರಿನಲ್ಲಿ 200ಕ್ಕೂ ಕಡಿಮೆ. ಅನಂತಪುರ ಜಿಲ್ಲೆಯಲ್ಲಿ 550ರ ಆಸುಪಾಸು. ಆ ಲೆಕ್ಕಕ್ಕೆ ಹಗರಿಯ ಸೀಮೆ ಮರುಭೂಮಿಯಲ್ಲ. ಆದರೆ ಅಲ್ಲಿಯ ಮರಳಿಗೆ ಈ ಲೆಕ್ಕ ಗೊತ್ತಿಲ್ಲ. ಹೊಳೆಯ ಪಾತ್ರ ಬಹಳ ಅಗಲ. ವರ್ಷದ ಬಹುಭಾಗ ಒಣಗಿರುತ್ತದೆ. ಜೂನ್ ತಿಂಗಳಿಂದ ಬೀಸುವ ನೈಋತ್ಯದ ಗಾಳಿ ಮಲೆನಾಡಿನಲ್ಲಿ ತನ್ನ ನೀರನ್ನೆಲ್ಲ ಸುರಿದು ಇಲ್ಲಿಗೆ ಬರಿಗೈಯಲ್ಲಿ ಬರುತ್ತದೆ. ಬಂದದ್ದು ಸುಮ್ಮನಿರದೆ ಪಾತ್ರದ ಮರಳನ್ನು ಎತ್ತಿ ಮೂಡಣ ದಂಡೆಯ ಹೊಲಗಳ ಮೇಲೆ ಹರಡುತ್ತದೆ. ಹೀಗೆ ಬೇಸಾಯದ ನೆಲ ವರ್ಷ ವರ್ಷ ಮರಳಿನಡಿ ಹೂತುಹೋದದ್ದೇ ಈ ದಿಬ್ಬಗಳ ಚರಿತ್ರೆ.

ಈ ಹಗರಿ ಎಂಬುದು ಬೇರೆ ಯಾವುದೋ ಹೊಳೆಯಲ್ಲ. ಬಾಬಾಬುಡನ್ ಗಿರಿಯಲ್ಲಿ ಹುಟ್ಟಿದ ವೇದಾ ಮತ್ತು ಅವತಿ ಕೂಡಿ ಆದ ವೇದಾವತಿಗೇ ಕೆಳಗಿನ ಜನ ಇಟ್ಟ ಹೆಸರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಸುವರ್ಣಮುಖಿ, ಬೋರನಕಣಿವೆಯ ಕೆರೆಯನ್ನು ದಾಟಿ, ಹಿರಿಯೂರಿನ ಬಳಿ ಇದೇ ವೇದಾವತಿಯನ್ನು ಸೇರುತ್ತಾಳೆ. ನಮ್ಮ ತೆಂಗಿನ ತೋಟಗಳ ಕೆಲವು ಹಳ್ಳದ ಮಣ್ಣೂ ಆ ಮರಳಿನಲ್ಲಿ ಇದ್ದೀತು. ನಂಟು ಇದೆ ಎಂದೆನಲ್ಲ, ಇದೇ ಅದು.

ಇನ್ನು 1984ರ ಕಥೆ. ನನಗಾಗ ಇಪ್ಪತ್ತಮೂರು ವರ್ಷ. ಎರಡನೆಯ ಕೈಯಲ್ಲಿ ಕೊಂಡ ಒಂದು ಯಜ್ದಿ ನನ್ನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಯ ಹೆಸರನ್ನು ಕೇಳಿದರೆ ನನ್ನ ವಯಸ್ಸಿನವರ ಮುಖ ಇಂದಿಗೂ ಅರಳುತ್ತದೆ. ಕಿಕ್ಕರಿಗೂ ಗೇರಿಗೂ ಒಂದೇ ಸನ್ನೆ. ಪೆಟ್ರೋಲಿಗೆ ಲೆಕ್ಕವಾಗಿ ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆ ತಪ್ಪಿದರೆ ಎಂಜಿನ್ನು ಹಿಡಿದುಕೊಳ್ಳುತ್ತದೆ. ಈ ಭಯದಿಂದ ನಾವು ಎಣ್ಣೆಯ ವಿಷಯದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಮೂವರು ಮಿತ್ರರು, ಎರಡು ಗಾಡಿ, ಮೇ ತಿಂಗಳ ರಜೆ. ಹಗರಿಯ ಮರಳಿನಲ್ಲಿ ಒಂದು ರಾತ್ರಿ ಕಳೆದು ಬರುವುದೆಂದು ಹೊರಟೆವು. ಕೈಯಲ್ಲಿದ್ದ ನಕ್ಷೆ ಶಾಲೆಯ ಅಟ್ಲಾಸು. ಎರಡು ಡಬ್ಬಗಳಲ್ಲಿ ಎಂಟು ಲೀಟರ್ ಪೆಟ್ರೋಲು, ಒಂದು ಸೀಸೆ ಎಣ್ಣೆ, ಕ್ಯಾನ್ವಾಸಿನ ಚೀಲದಲ್ಲಿ ಆರು ಲೀಟರ್ ನೀರು. ಮೂವರಿಗೆ ಆರು ಲೀಟರ್.

ರಸ್ತೆ ಬಿಟ್ಟು ಹೊಳೆಗಿಳಿದದ್ದು ಬೆಳಗಿನ ಹತ್ತು ಗಂಟೆಗೆ. ಹನ್ನೆರಡರ ಹೊತ್ತಿಗೆ ಎರಡೂ ಗಾಡಿಗಳ ಹಿಂಚಕ್ರ ಹೂತುಹೋಗಿದ್ದವು. ಎಳೆದೆವು, ದೂಡಿದೆವು, ಆಕ್ಸಿಲರೇಟರ್ ತಿರುವಿ ಇನ್ನಷ್ಟು ಆಳಕ್ಕೆ ಹೂತೆವು. ನೀರು ಮುಗಿಯಿತು. ಎರಡು ಗಂಟೆಯ ಸುಮಾರಿಗೆ ನನ್ನ ಮಿತ್ರ ಮಾತು ತಪ್ಪಿ ಆಡತೊಡಗಿದ. ಮೈ ಮುಟ್ಟಿದರೆ ಕಾದ ಹೆಂಚು, ಬೆವರು ನಿಂತುಹೋಗಿತ್ತು. ಬೆವರು ನಿಂತದ್ದನ್ನು ಕಂಡು ನಾವಿಬ್ಬರೂ ತಂಪಾಯಿತೆಂದು ಸಮಾಧಾನಪಟ್ಟೆವೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಬಿಸಿಲಿನ ಹೊಡೆತ ತಾಕಿದವನ ಮೈ ಒಣಗುವುದು, ಮಾತು ತಪ್ಪುವುದು ಸಾವಿನ ಮುನ್ಸೂಚನೆ ಎಂದು ನಮಗೆ ಯಾರೂ ಹೇಳಿರಲಿಲ್ಲ; ನಾವೂ ಯಾರನ್ನೂ ಕೇಳಿರಲಿಲ್ಲ.

ಅವನನ್ನು ಉಳಿಸಿದವರು ಕುರಿ ಕಾಯುತ್ತಿದ್ದ ಒಬ್ಬ ಮುದುಕರು. ಅವರು ಹೆಚ್ಚು ಮಾತಾಡಲಿಲ್ಲ. ಜಾಲಿಯ ನೆರಳಿಗೆ ಎಳೆದು ಹಾಕಿಸಿದರು. ಪಾತ್ರದ ಒಂದು ತಗ್ಗಿನಲ್ಲಿ ಕೈಯಿಂದಲೇ ಮರಳು ತೋಡತೊಡಗಿದರು; ನಾವೂ ತೋಡಿದೆವು. ಮೊಳಕ್ಕಿಂತ ಹೆಚ್ಚು ತೋಡಿದ ಮೇಲೆ ಒರತೆ ಜಿನುಗಿತು. ಕಂಬಳಿಯನ್ನು ಅದರಲ್ಲಿ ಅದ್ದಿ ಅವನಿಗೆ ಹೊದಿಸಿ ಗಾಳಿ ಬೀಸಿದರು. ಸಂಜೆಗೆ ಎತ್ತಿನ ಗಾಡಿಯಲ್ಲಿ ಹಳ್ಳಿಗೆ, ಅಲ್ಲಿಂದ ಲಾರಿಯಲ್ಲಿ ಆಸ್ಪತ್ರೆಗೆ. ಬದುಕಿದ. ಆದರೆ ಆ ಮೇಲೆ ಬೇಸಿಗೆಯಲ್ಲಿ ಹೊಲಕ್ಕೆ ಇಳಿಯುವ ಶಕ್ತಿ ಅವನಿಗೆ ಬರಲಿಲ್ಲ.

ಊರಿಗೆ ಕರೆತಂದ ದಿನ ಅವನ ತಾಯಿ ನನ್ನನ್ನು ಬೈಯಲಿಲ್ಲ. “ಗಾಡಿಗೆ ಎಷ್ಟು ಎಣ್ಣೆ ಕುಡಿಸ್ಬೇಕು ಅಂತ ನಿಂಗೆ ಲೆಕ್ಕ ಇತ್ತಲ್ಲಪ್ಪ, ನನ್ನ ಮಗಂಗೆ ಎಷ್ಟು ನೀರು ಬೇಕು ಅಂತ ಲೆಕ್ಕ ಇರಲಿಲ್ವಾ?” ಎಂದಷ್ಟೇ ಕೇಳಿದರು.

ಅಕ್ಕನ ಮಗ ಊಟದ ತಟ್ಟೆಯನ್ನೇ ನೋಡುತ್ತ ಕುಳಿತಿದ್ದ. ಹೋಗಬೇಡವೆಂದು ನಾನು ಹೇಳಲಿಲ್ಲ. ನಲವತ್ತು ವರ್ಷ ತಡವಾಗಿಯಾದರೂ ಆ ತಾಯಿ ಕೇಳಿದ ಲೆಕ್ಕವನ್ನು ಇವನಿಂದ ಮಾಡಿಸೋಣ ಎನ್ನಿಸಿತು. ಒಂದೇ ಒಂದು ಷರತ್ತು ಹಾಕಿದೆ: ಎರಡು ಸಾವಿರ ಕಿಲೋಮೀಟರ್ ದೂರದ ಜೈಸಲ್ಮೇರಿಗೆ ಹೋಗುವ ಮುಂಚೆ ಹಗರಿಯ ಮರಳಿನಲ್ಲಿ ಒಂದು ರಾತ್ರಿ ಕಳೆದು ಬರಬೇಕು. ಇಲ್ಲಿ ತಪ್ಪಿದರೆ ಮೂರು ನಾಲ್ಕು ಮೈಲಿಯೊಳಗೆ ಒಂದು ಹಳ್ಳಿ ಸಿಕ್ಕುತ್ತದೆ. ಅಲ್ಲಿ ತಪ್ಪಿದರೆ ಸಿಕ್ಕೀತೆಂಬ ಭರವಸೆಯಿಲ್ಲ. ಅಲ್ಲದೆ ಅಲ್ಲಿ ಗಡಿಗೆ ಸಮೀಪದ ಸ್ಥಳಗಳಿಗೆ ಅನುಮತಿ ಬೇಕು, 1980ರಿಂದ ಒಂದು ದೊಡ್ಡ ಪ್ರದೇಶ ಮರುಭೂಮಿ ರಾಷ್ಟ್ರೀಯ ಉದ್ಯಾನವಾಗಿದೆ. ಕಾಗದಪತ್ರದ ಆ ಕೆಲಸವನ್ನು ಆಮೇಲೆ ನೋಡಿಕೊಳ್ಳಬಹುದು.

ಮೊದಲನೆಯದು ಕಾಲ. ಮೇ ತಿಂಗಳು ಖಂಡಿತ ಕೂಡದು. ಜೂನ್‌ನಿಂದ ಆಗಸ್ಟ್‌ವರೆಗೆ ಗಾಳಿಗೆ ಮರಳೇ ಎದ್ದು ಬರುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಹಗಲು ಸಹ್ಯ, ರಾತ್ರಿ ಚಳಿ. ಮರಳು ಕಾದಷ್ಟೇ ಬೇಗ ಆರಿಹೋಗುತ್ತದೆಯಾದ್ದರಿಂದ ಕಂಬಳಿಯನ್ನು ಅಲಕ್ಷ್ಯ ಮಾಡಬಾರದು.

ಎರಡನೆಯದು ನೀರು. ಇದರ ಬಗ್ಗೆ ನಾನು ತುಸು ಉದ್ದವಾಗಿ ಹೇಳಿದರೆ ತಾವು ಕ್ಷಮಿಸಬೇಕು. ಹನಿ ನೀರಾವರಿ ಮಾಡಿದ ನಮ್ಮ ತೋಟದಲ್ಲಿ ಬೇಸಿಗೆಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ ಐವತ್ತು ಲೀಟರಿನಷ್ಟು ನೀರು ಬಿಡುತ್ತೇವೆ. ಯಾವ ಮರಕ್ಕೆ ಎಷ್ಟು, ಯಾವ ತಿಂಗಳಲ್ಲಿ ಎಷ್ಟು ಎಂದು ಬಿಳಿಗೆರೆಯ ಸಣ್ಣ ಹುಡುಗನೂ ಹೇಳಿಯಾನು. ಮನುಷ್ಯನಿಗೆ ಎಷ್ಟು ಎಂದರೆ ಮಾತ್ರ “ಒಂದೆರಡು ಬಾಟಲಿ” ಎನ್ನುತ್ತೇವೆ. ಚಳಿಗಾಲದಲ್ಲಿಯೂ, ಬಿಸಿಲಿನಲ್ಲಿ ಗಾಡಿಯೊಡನೆ ಗುದ್ದಾಡುವವನಿಗೆ ಕುಡಿಯುವುದಕ್ಕೆ ದಿನಕ್ಕೆ ಆರು ಲೀಟರ್ ಹಿಡಿಯಬೇಕು; ಅಡಿಗೆಗೆ, ಕೈ ತೊಳೆಯಲು ಎರಡು. ಹುಡುಗರು ಮರಳಿನಲ್ಲಿ ಇರುವುದು ಒಂದೂವರೆ ದಿನ. ಅಲ್ಲಿಗೆ ತಲೆಗೆ ಹನ್ನೆರಡು ಲೀಟರ್. ಗಾಡಿ ಕೆಟ್ಟರೆ, ದಾರಿ ತಪ್ಪಿದರೆ ಎಂದು ಅದರ ಮೂರನೆಯ ಒಂದು ಪಾಲು ಹೆಚ್ಚಿಗೆ. ಒಟ್ಟು ತಲಾ ಹದಿನಾರು ಲೀಟರ್. ಇದನ್ನು ಒಂದೇ ಡಬ್ಬದಲ್ಲಿ ತುಂಬಬಾರದು. ಒಂದು ಸೋರಿದರೆ ಎಲ್ಲವೂ ಹೋಯಿತು. ನಾಲ್ಕು ಡಬ್ಬಗಳಲ್ಲಿ ಹಂಚಿ, ಸೀಟಿನ ಎರಡು ಪಕ್ಕದಲ್ಲಿ, ಆದಷ್ಟು ತಗ್ಗಿನಲ್ಲಿ ಕಟ್ಟಬೇಕು. ಭಾರ ಎತ್ತರದಲ್ಲಿದ್ದರೆ, ಹಿಂದಿದ್ದರೆ, ಮರಳಿನಲ್ಲಿ ಗಾಡಿ ಮುಂಗಾಲೆತ್ತುವ ಹೋರಿಯಂತಾಡುತ್ತದೆ. ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ್ದನ್ನು ಒಂದೊಂದು ಬಾಟಲಿ ಬೇರೆಯಾಗಿ ಇಡಬೇಕು.

ಒರತೆ ಇದೆಯಲ್ಲ ಎಂದು ಹುಡುಗ ಕೇಳಿದ. ಇತ್ತು. ಈ ನಲವತ್ತು ವರ್ಷಗಳಲ್ಲಿ ವೇದಾವತಿಯ ಮರಳನ್ನು ಲಾರಿಗಟ್ಟಲೆ ತುಂಬಿ ಕಟ್ಟಡಗಳಿಗೆ ಸಾಗಿಸಿದ್ದಾರೆ. ಮರಳಿಲ್ಲದ ಪಾತ್ರದಲ್ಲಿ ಒರತೆ ಎಲ್ಲಿಂದ ಬರಬೇಕು? ಸಿಕ್ಕರೆ ಅದೃಷ್ಟ, ಪಟ್ಟಿಯಲ್ಲಿ ಅದೃಷ್ಟಕ್ಕೆ ಜಾಗವಿಲ್ಲ.

ಪೆಟ್ರೋಲಿನ ಮಾತು ಸುಲಭ. ಡಾಂಬರು ರಸ್ತೆಯಲ್ಲಿ ಲೀಟರಿಗೆ ಮೂವತ್ತು ಕಿಲೋಮೀಟರ್ ಕೊಡುವ ಗಾಡಿ ಮರಳಿನಲ್ಲಿ ಹದಿನೈದು ಕೊಡುತ್ತದೆಂದೇ ಎಣಿಸಬೇಕು. ಹುಡುಗರು ಮರಳಿನಲ್ಲಿ ಸುತ್ತುವುದು ಹೆಚ್ಚೆಂದರೆ ಎಂಬತ್ತು ಕಿಲೋಮೀಟರ್. ರಾಯದುರ್ಗದಲ್ಲಿ ಟ್ಯಾಂಕು ತುಂಬಿಸಿದರೆ ಸಾಕು, ಬೇರೆ ಡಬ್ಬ ಬೇಡ. ಅಂದು ನಾವು ಹೊತ್ತಿದ್ದ ಪೆಟ್ರೋಲಿನ ಜಾಗಕ್ಕೆ ಈಗ ನೀರು ಬಂತು.

ಆಹಾರಕ್ಕೆ ನಾನು ಹೆಚ್ಚು ಯೋಚಿಸಲಿಲ್ಲ. ಕೊಬ್ಬರಿ, ಬೆಲ್ಲ, ರಾಗಿಯ ಹುರಿಹಿಟ್ಟು. ಯಾವುದೂ ಕೆಡುವುದಿಲ್ಲ, ಯಾವುದಕ್ಕೂ ಒಲೆ ಬೇಡ. ತೂಕಕ್ಕೆ ತಕ್ಕ ಶಕ್ತಿಯ ಲೆಕ್ಕದಲ್ಲಿ ಕೊಬ್ಬರಿಯನ್ನು ಮೀರಿಸುವ ಪದಾರ್ಥ ಅಂಗಡಿಯಲ್ಲಿ ದುರ್ಲಭ. ಇದನ್ನು ತಿಪಟೂರಿನವನ ಪಕ್ಷಪಾತವೆಂದು ಕರೆಯುವವರು ಕರೆಯಲಿ.

ಇನ್ನು ದಾರಿ. ಸರ್ವೆ ಆಫ್ ಇಂಡಿಯಾದ ಸೂಚಿಯಲ್ಲಿ ನಮ್ಮೂರು 57ಸಿ ಹಾಳೆಯಲ್ಲಿದೆ, ಚಳ್ಳಕೆರೆ, ರಾಯದುರ್ಗ 57ಬಿಯಲ್ಲಿ, ಬಳ್ಳಾರಿ 57ಎಯಲ್ಲಿ. ಮೊಬೈಲಿನಲ್ಲಿ ನಕ್ಷೆ ಇರುವಾಗ ಕಾಗದವೇಕೆ ಎಂದು ಇವನ ವಾದ. ಮೊಬೈಲು ದಾರಿ ತೋರಿಸುತ್ತದೆ ನಿಜ, ಆದರೆ ಬ್ಯಾಟರಿ ಮುಗಿದ ಮೇಲೆ ಅದೂ ಒಂದು ಬಿಲ್ಲೆಕಲ್ಲು. ಹಳೆಯ ನಕ್ಷೆಯನ್ನು ನಂಬಿದರೆ ಇನ್ನೊಂದು ತೊಂದರೆಯಿದೆ. ಅದರಲ್ಲಿ ಚಳ್ಳಕೆರೆಯ ಬಳಿ ಅಮೃತಮಹಲ್ ಕಾವಲುಗಳು ಬಯಲಾಗಿ ಕಾಣುತ್ತವೆ. ಈಗ ಅವುಗಳಲ್ಲಿ ಸಾವಿರಾರು ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಬೇಲಿಯೊಳಗಿದೆ. ಅಲ್ಲಿ ವಿಮಾನಗಳನ್ನು ಪರೀಕ್ಷಿಸುವ ನೆಲೆಯೇ ಇದೆ. ಬೇಲಿಯ ಹೊರಗೆ ಉಳಿದ ಹುಲ್ಲುಗಾವಲು ಖಾಲಿ ಜಾಗವೆಂದು ಕಾಣುವುದು ನಮ್ಮಂಥ ತೋಟದವರ ಕಣ್ಣಿಗೆ ಮಾತ್ರ. ಅದು ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಕುರಿಗಳು ಮೇಯುವ ನೆಲ. ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳ ಮನೆ. ಆದ್ದರಿಂದ ಕಾವಲಿನಲ್ಲಿ ಬಂಡಿಜಾಡು ಬಿಟ್ಟು ಚಕ್ರ ಹೊರಳಿಸಬಾರದು. ಹಟ್ಟಿಯ ಬಳಿ ಎಂಜಿನ್ ನಿಲ್ಲಿಸಿ, ಚಪ್ಪಲಿ ಬಿಡಬೇಕೇ ಎಂದು ಕೇಳಿ ಮುಂದೆ ಹೆಜ್ಜೆಯಿಡಬೇಕು. ಮರಳಿನಲ್ಲಿ ಡೇರೆ ಹಾಕುವ ಮುನ್ನವೂ ಹತ್ತಿರದ ಹಳ್ಳಿಯಲ್ಲಿ ಒಬ್ಬರಿಗಾದರೂ ಹೇಳಬೇಕು. ಅಂದು ನಾವು ಹೇಳಿ ಇಳಿದಿದ್ದರೆ ಆ ಮುದುಕರು ಎರಡು ಗಂಟೆ ಮೊದಲೇ ಬರುತ್ತಿದ್ದರೋ ಏನೋ.

ಗಾಡಿ ಓಡಿಸುವ ವಿದ್ಯೆಯನ್ನು ಮಾತಿನಲ್ಲಿ ಕಲಿಸಲಾಗದು. ಆದರೂ ಸೋತು ಕಲಿತ ಕೆಲವನ್ನು ಹೇಳಿದೆ. ಡಾಂಬರಿನಲ್ಲಿ 28 ಪೌಂಡ್ ಗಾಳಿ ಇದ್ದರೆ ಮರಳಿಗೆ ಇಳಿಯುವಾಗ 15-18ಕ್ಕೆ ಇಳಿಸಬೇಕು. ಟೈರು ಚಪ್ಪಟೆಯಾಗಿ ಒಂಟೆಯ ಪಾದದಂತೆ ಹರಡಿಕೊಳ್ಳುತ್ತದೆ. ರಸ್ತೆಗೆ ಬಂದೊಡನೆ ಮತ್ತೆ ತುಂಬಬೇಕಾದ್ದರಿಂದ ಕೈಪಂಪು ಬೇಕೇ ಬೇಕು. ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ಬಿಡುವುದಿಲ್ಲ. ಪಂಕ್ಚರ್ ಸಾಮಾನು ಇರಬೇಕು, ಹಾಕಲೂ ಬರಬೇಕು. ಬೆಳಗಿನ ತಂಪಿನಲ್ಲಿ ಮರಳು ಗಟ್ಟಿ, ಮಧ್ಯಾಹ್ನ ಹಿಟ್ಟು. ದಿಬ್ಬಕ್ಕೆ ಗಾಳಿ ಬಡಿಯುವ ಮಗ್ಗುಲು ಇಳಿಜಾರು, ಗಟ್ಟಿ. ಮರೆಯ ಮಗ್ಗುಲು ಕಡಿದು, ಮೆತ್ತಗೆ. ಹಗರಿಯಲ್ಲಿ ಗಾಳಿ ನೈಋತ್ಯದ್ದಾದ್ದರಿಂದ ಕಡಿದಾದ ಮಗ್ಗುಲು ಈಶಾನ್ಯಕ್ಕಿರುತ್ತದೆ. ತೆಂಕಣಿಂದ ಹೋಗುವ ಇವರಿಗೆ ಏರು ಸುಲಭವಾಗಿ ಕಂಡು, ನೆತ್ತಿಯಾಚೆಯ ಬೀಳು ಕಾಣುವುದಿಲ್ಲ. ನೆತ್ತಿಗೆ ನಡೆದು ಹೋಗಿ ನೋಡಿದ ಮೇಲೆಯೇ ಗಾಡಿ ಏರಿಸಬೇಕು. ಚಕ್ರ ಹೂತರೆ ಎಂಜಿನ್ನನ್ನು ಕೂಗಿಸಬಾರದು. ನಿಲ್ಲಿಸಿ, ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ಮಲಗಿಸಿ, ಗುಂಡಿಗೆ ಮರಳು ತುಂಬಿ, ಮತ್ತೆ ಎತ್ತಿ ನಿಲ್ಲಿಸಿ, ಚಕ್ರದಡಿಗೆ ಗೋಣಿಚೀಲ ಹಾಸಿ ಹೊರಡಬೇಕು. ಅಂದು ಈ ಐದು ನಿಮಿಷದ ಕೆಲಸ ನಮಗೆ ಗೊತ್ತಿದ್ದರೆ ಈ ಭಾಷಣವೇ ಇರುತ್ತಿರಲಿಲ್ಲ.

ಬೀಡಿನ ಬಗ್ಗೆ ಒಂದೇ ಮಾತು ಒತ್ತಿ ಹೇಳಿದೆ. ಒಣ ಹೊಳೆಯ ಪಾತ್ರ ಎಷ್ಟೇ ಮೆತ್ತಗಿರಲಿ, ಅಲ್ಲಿ ಮಲಗಕೂಡದು. 1933ರ ಬಳಿಕ ಕೋಡಿ ಬೀಳದಿದ್ದ ವಾಣಿವಿಲಾಸ ಸಾಗರ 2022ರಲ್ಲಿ ಕೋಡಿ ಬಿತ್ತು. ಸತ್ತಿತೆಂದು ಜನ ಕೈಬಿಟ್ಟಿದ್ದ ಹೊಳೆ ಹರಿಯಿತು. ಮೇಲೆಲ್ಲೋ ಬಿದ್ದ ಮಳೆ ಕೆಳಗೆ ಮಲಗಿದವನಿಗೆ ಕೇಳಿಸುವುದಿಲ್ಲ. ಬೆಳಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಬೇಕೆಂಬುದನ್ನೂ ಸೇರಿಸಿದೆ. ಚೇಳು, ಗರಗಸ ಮಂಡಲ ಎರಡಕ್ಕೂ ಬೂಟಿನ ಬೆಚ್ಚನೆಯ ಕತ್ತಲೆ ಇಷ್ಟ.

ಪಟ್ಟಿ ಮುಗಿಯಿತು. ಕಳೆದ ತಿಂಗಳು ಹುಡುಗರಿಬ್ಬರೂ ಬಂದು ಎಲ್ಲ ಸಾಮಾನನ್ನೂ ಗಾಡಿಗೆ ಕಟ್ಟಿದರು. ನಾನು ಹೇಳಿದ್ದಲ್ಲದೆ ಅವರದೇ ಕೆಲವು ಬಂದಿದ್ದವು: ಮಡಿಸುವ ಕುರ್ಚಿ ಎರಡು, ಕಾಫಿ ಇಳಿಸುವ ಒಂದು ಯಂತ್ರ, ಹಾರುವ ಕ್ಯಾಮರಾ. ಊರಾಚೆ ಕೆರೆಯಂಗಳದ ಮರಳುಮಣ್ಣಿನಲ್ಲಿ ಓಡಿಸಿ ನೋಡಿ ಎಂದೆ. ನೂರು ಗಜ ಹೋಗುವುದರೊಳಗೆ ಇಬ್ಬರೂ ಬಿದ್ದರು. ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಸಾಮಾನು ತೂಗಿದಾಗ ಒಬ್ಬೊಬ್ಬನದೂ ಐವತ್ತು ಕಿಲೋ ಮೀರಿತ್ತು. ಏನನ್ನು ತೆಗೆಯೋಣವೆಂದು ಚರ್ಚೆ ನಡೆಯಿತು. ಸ್ನೇಹಿತ ನೀರಿನ ಒಂದು ಡಬ್ಬವನ್ನು ಬಿಚ್ಚಲು ಕೈಯಿಟ್ಟ. ಅಕ್ಕನ ಮಗ ಅವನ ಕೈ ಹಿಡಿದು, ಕುರ್ಚಿಗಳನ್ನೂ ಕಾಫಿಯ ಯಂತ್ರವನ್ನೂ ಕೆಳಗಿಳಿಸಿದ. ನಾನು ಏನನ್ನೂ ಹೇಳಬೇಕಾಗಲಿಲ್ಲ. ಎರಡನೆಯ ಸಲ ಕೆರೆಯಂಗಳವನ್ನು ದಾಟಿ ಆಚೆ ದಡ ಸೇರಿದರು.

ಬರುವ ಶುಕ್ರವಾರ ಹೊರಡುತ್ತಾರೆ. ಎಲ್ಲಿ ರಸ್ತೆ ಬಿಡುತ್ತಾರೆ, ಎಲ್ಲಿ ಮಲಗುತ್ತಾರೆ, ಯಾವ ಹಳ್ಳಿಯಲ್ಲಿ ಹೇಳಿ ಹೋಗುತ್ತಾರೆ, ಎಷ್ಟು ಹೊತ್ತಿನೊಳಗೆ ಫೋನು ಬರದಿದ್ದರೆ ನಾವು ಹುಡುಕಲು ಹೊರಡಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಅವನ ಕೈಯಿಂದಲೇ ಬರೆಸಿದ್ದೇನೆ. ಅಕ್ಕ ಅದನ್ನು ಅಡಿಗೆಮನೆಯ ಕ್ಯಾಲೆಂಡರಿಗೆ ಸಿಕ್ಕಿಸಿದ್ದಾಳೆ. ಕೊನೆಯ ಸಾಲಿನಲ್ಲಿ “ಭಾನುವಾರ, ಸಂಜೆ 6 ಗಂಟೆ” ಎಂದಿದೆ. ಅದರ ಕೆಳಗೆ ಅಕ್ಕ ತನ್ನ ಅಕ್ಷರದಲ್ಲಿ “ನೀರು 16” ಎಂದು ಬರೆದುಕೊಂಡಿದ್ದಾಳೆ.